ನನ್ನ ಅರ್ಜಿ ಓದಿದ್ರಾ?

ಕೆಲವು ವರ್ಷಗಳ ಹಿಂದೆ ನನ್ನ ಟೂರಿಸ್ಟ್ ವೀಸಾ ಒಂದು ರಿಜೆಕ್ಟ್ ಆಯ್ತು. ಎರಡು ಸಾಲಿನ ಪತ್ರ. ಓದಿದ ತಕ್ಷಣ ಬಾಯಿಗೆ ಬಂದ ಪ್ರಶ್ನೆ 'ಯಾಕೆ ಕೊಡಲಿಲ್ಲ?' ಅಲ್ಲ, 'ನಾನು ಕಳಿಸಿದ್ದನ್ನ ಓದಿದ್ರಾ?' ಅಂತ. ನನಗೆ ಹೋಗಿದ್ದು ಒಂದು ರಜೆ ಮತ್ತು ಫೀಸು ಅಷ್ಟೇ.

ಆಸ್ಟ್ರೇಲಿಯಾದಲ್ಲಿ 'ಪ್ರೊಟೆಕ್ಷನ್ ವೀಸಾ' ಅಂತ ಒಂದಿದೆ. ನಾವು ಆಫೀಸಿನಲ್ಲಿ ಪಾಯಿಂಟ್ಸ್ ಲೆಕ್ಕ ಹಾಕುವ ಪಿಆರ್ ಅಲ್ಲ ಅದು. ತಾಯ್ನಾಡಿಗೆ ವಾಪಸ್ ಕಳಿಸಿದರೆ ಜೀವಕ್ಕೇ ಅಪಾಯ ಅನ್ನುವವರು ಕೇಳುವ ವೀಸಾ. ಇಲಾಖೆ ಇಲ್ಲ ಅಂದರೆ ಟ್ರಿಬ್ಯೂನಲ್, ಅಲ್ಲೂ ಇಲ್ಲ ಅಂದರೆ ಕೋರ್ಟು. ಆದರೆ ಕೋರ್ಟು 'ಇವರು ನಿಜವಾಗಿಯೂ ನಿರಾಶ್ರಿತರೇ?' ಅಂತ ತೀರ್ಮಾನಿಸುವುದಿಲ್ಲ. ನಿರ್ಧಾರ ಕಾನೂನಿನಂತೆ ನಡೆಯಿತೇ ಅಂತ ಮಾತ್ರ ನೋಡುತ್ತೆ. ಗೆದ್ದರೂ ಸಾಮಾನ್ಯವಾಗಿ ಸಿಗೋದು ವೀಸಾ ಅಲ್ಲ, ಇನ್ನೊಂದು ವಿಚಾರಣೆ.

ಇಷ್ಟೇನಾ ಅನ್ನಿಸುತ್ತೆ ಅಲ್ವಾ? ಇಷ್ಟನ್ನೂ ಕಿತ್ತುಕೊಳ್ಳುವ ಪ್ರಯತ್ನ ನಡೆದಿತ್ತು.

2001ರ ಆಗಸ್ಟಿನಲ್ಲಿ ಟ್ಯಾಂಪಾ ಎಂಬ ನಾರ್ವೆಯ ಹಡಗು ಮುಳುಗುತ್ತಿದ್ದ ದೋಣಿಯಿಂದ ನಾನೂರಕ್ಕೂ ಹೆಚ್ಚು ಜನರನ್ನು ಎತ್ತಿಕೊಂಡಿತು. ಆಸ್ಟ್ರೇಲಿಯಾ ಸರ್ಕಾರ ಅವರನ್ನು ಇಳಿಯಲು ಬಿಡಲಿಲ್ಲ. ಮರುತಿಂಗಳೇ ಪಾರ್ಲಿಮೆಂಟು ವಲಸೆ ಕಾಯ್ದೆಗೆ ಸಾಲುಸಾಲು ತಿದ್ದುಪಡಿ ಮಾಡಿತು. ಅದರಲ್ಲಿ 474ನೇ ಸೆಕ್ಷನ್ ಹೇಳಿದ್ದು ಇಷ್ಟು: ಈ ನಿರ್ಧಾರಗಳೇ ಅಂತಿಮ, ಯಾವ ಕೋರ್ಟಿನಲ್ಲೂ ಪ್ರಶ್ನಿಸುವಂತಿಲ್ಲ.

ಅದಕ್ಕೆ ಅಡ್ಡ ನಿಂತಿದ್ದು ನೂರು ವರ್ಷ ಹಳೆಯ ಒಂದು ಸಾಲು. ಸಂವಿಧಾನದ 75(5)ನೇ ವಿಧಿಯ ಪ್ರಕಾರ, ಸರ್ಕಾರಿ ಅಧಿಕಾರಿಯ ವಿರುದ್ಧ ರಿಟ್ ಕೇಳಿ ಯಾರು ಬೇಕಾದರೂ ನೇರ ಹೈಕೋರ್ಟಿಗೆ ಹೋಗಬಹುದು. ಅಲ್ಲಿ ಹೈಕೋರ್ಟ್ ಅಂದರೆ ನಮ್ಮ ಸುಪ್ರೀಂ ಕೋರ್ಟಿನ ಹಾಗೆ. 1898ರಲ್ಲಿ ಮೆಲ್ಬರ್ನ್‌ನ ಸಂವಿಧಾನ ಸಭೆ ಇದೇ ಸಾಲನ್ನು ಅನಗತ್ಯ ಅಂತ ಹೊಡೆದುಹಾಕಿತ್ತು. ಆ ಸಭೆಯಲ್ಲಿ ಇಲ್ಲದ ಟಾಸ್ಮೇನಿಯಾದ ಆಂಡ್ರ್ಯೂ ಇಂಗ್ಲಿಸ್ ಕ್ಲಾರ್ಕ್, ಎಡ್ಮಂಡ್ ಬಾರ್ಟನ್‌ಗೆ ಅಮೆರಿಕದ ಒಂದು ಹಳೇ ಕೇಸು ನೆನಪಿಸಿದರು: 1803ರ ಮಾರ್ಬರಿ ವರ್ಸಸ್ ಮ್ಯಾಡಿಸನ್. ರಿಟ್ ಕೇಳುವ ಹಕ್ಕಿದ್ದರೂ, ಅದನ್ನು ಹೊರಡಿಸುವ ಅಧಿಕಾರ ಸಂವಿಧಾನದಲ್ಲಿ ತನಗಿಲ್ಲ ಅಂತ ಅಲ್ಲಿನ ಸುಪ್ರೀಂ ಕೋರ್ಟ್ ಕೈಚೆಲ್ಲಿದ ಕೇಸು ಅದು. ಬಾರ್ಟನ್ ಆ ಸಾಲನ್ನು ವಾಪಸ್ ಸೇರಿಸಿದರು.

2003ರ ಫೆಬ್ರವರಿ 4ರಂದು ಅದು ಕೆಲಸಕ್ಕೆ ಬಂತು. ಅರ್ಜಿದಾರರ ಹೆಸರು ಬಹಿರಂಗವಾಗಲಿಲ್ಲ. ದಾಖಲೆಯಲ್ಲಿ ಇರುವುದು 'ಎಸ್157/2002' ಅಷ್ಟೇ. ಊರಲ್ಲಿ ಹುಡುಕುವವರಿಗೆ ಸಿಗಬಾರದಲ್ಲ. ಅವರ ದೂರು: ನನಗೆ ವಿರುದ್ಧವಾದ ವಿಷಯವನ್ನು ಟ್ರಿಬ್ಯೂನಲ್ ಬಳಸಿಕೊಂಡಿತು, ಉತ್ತರ ಕೊಡಲು ಅವಕಾಶವನ್ನೇ ಕೊಡಲಿಲ್ಲ. 474 ಇರುವಾಗ ಕೇಳುವುದು ಹೇಗೆ? ಹೈಕೋರ್ಟು ಆ ಸೆಕ್ಷನ್ ರದ್ದು ಮಾಡಲಿಲ್ಲ, ಅಕ್ಷರಶಃ ಓದಿತು. ಸೆಕ್ಷನ್ ಕಾಪಾಡೋದು 'ಈ ಕಾಯ್ದೆಯಡಿ ಮಾಡಿದ' ನಿರ್ಧಾರವನ್ನು. ತನ್ನ ಅಧಿಕಾರದ ಗೆರೆ ದಾಟಿ ಮಾಡಿದ್ದು ಕಾಯ್ದೆಯಡಿ ಮಾಡಿದ ನಿರ್ಧಾರವೇ ಅಲ್ಲ. ಹಾಗಾಗಿ ಅದಕ್ಕೆ ರಕ್ಷಣೆಯೂ ಇಲ್ಲ.

ಅದೇ ಡಿಸೆಂಬರಿನಲ್ಲಿ ಬಾಂಗ್ಲಾದೇಶದ ಇಬ್ಬರು ಗಂಡಸರ ಕೇಸು ಬಂತು. ಅವರು ಪ್ರೇಮಿಗಳು. ಊರಲ್ಲಿ ಗುಟ್ಟಾಗಿ ಬದುಕಿದ್ದರು, ಮುಂದೆಯೂ ಹಾಗೇ ಬದುಕಬಹುದು, ಅಪಾಯವಿಲ್ಲ ಅಂದಿತ್ತು ಟ್ರಿಬ್ಯೂನಲ್. ಆ ಗುಟ್ಟಿಗೆ ಕಾರಣವೇ ಭಯವಾ ಅಂತ ಕೇಳಲೇ ಇಲ್ಲವಲ್ಲ ಅಂತು ಹೈಕೋರ್ಟು, 4-3ರ ಬಹುಮತದಲ್ಲಿ. ಕೇಸು ಮತ್ತೆ ವಿಚಾರಣೆಗೆ ಹೋಯಿತು.

ಇಲ್ಲಿ ನಮಗೆ 32 ಮತ್ತು 226ನೇ ವಿಧಿ ಇವೆ, ಅದೇ ರಿಟ್‌ಗಳ ಕುಟುಂಬ. ನಾನು ಅವುಗಳನ್ನು ಪರೀಕ್ಷೆಗೆ ಉರು ಹೊಡೆದವನು. ಅವುಗಳ ಒಳಗಿರೋದು ನನ್ನ ಆ ಪುಟ್ಟ ಪ್ರಶ್ನೆಯೇ ಅಂತ ಗೊತ್ತಾಗಿದ್ದು ಈಗ.