ಫೋರ್‌ಮನ್ ಮರ್ಜಿ

ಮೊನ್ನೆ ನನ್ನ ಅಪ್ರೈಸಲ್ ಆಯ್ತು. "ಕೆಲಸ ಚೆನ್ನಾಗಿದೆ, ಆದ್ರೆ ಪಾಲಿಸಿ ಪ್ರಕಾರ ಇಷ್ಟೇ" ಅಂದ್ರು ಮ್ಯಾನೇಜರ್. ಅದೇ ಪಾಲಿಸಿ ಪಕ್ಕದ ಟೀಮಿನಲ್ಲಿ ಬೇರೆ ಥರ ನಡೆದಿತ್ತು! ಆಗ ನೆನಪಾಗಿದ್ದು ಫೋರ್ಡ್ ಕಾರ್ಖಾನೆಯ ಹಳೇ ಕಥೆ.

1913ರಲ್ಲಿ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯಲ್ಲಿ ಸುಮಾರು 14,000 ಕೆಲಸಗಾರರನ್ನು ಉಳಿಸಿಕೊಳ್ಳಲು ಫೋರ್ಡ್ ಆ ಒಂದೇ ವರ್ಷ 52,000ಕ್ಕೂ ಹೆಚ್ಚು ಜನರನ್ನು ಸೇರಿಸಿಕೊಳ್ಳಬೇಕಾಯ್ತು. ಬಂದವರು ಬಂದ ಹಾಗೇ ಹೋಗ್ತಿದ್ರು. ಬೇಸರ ಹುಟ್ಟಿಸುವ ಕೆಲಸ ಒಂದು ಕಾರಣ, ಫೋರ್‌ಮನ್ ಇನ್ನೊಂದು. ಯಾರನ್ನು ತೆಗೀಬೇಕು, ಯಾರಿಗೆ ಕೂಲಿ ಏರಿಸಬೇಕು ಅನ್ನೋದು ಬಹುಪಾಲು ಅವನ ಮರ್ಜಿ.

ಅದೇ ವರ್ಷ ಜಾನ್ ಲೀ ಎಂಬ ಅಧಿಕಾರಿ ವಜಾ ಮಾಡುವ ಅಧಿಕಾರವನ್ನೇ ಫೋರ್‌ಮನ್ ಕೈಯಿಂದ ಕಿತ್ತುಕೊಂಡರು. ತನ್ನ ವಿಭಾಗಕ್ಕೆ ಬೇಡವಾದವನನ್ನು ಅವನು ಹೊರಗೆ ಕಳಿಸಬಹುದಿತ್ತು ಅಷ್ಟೇ. ನೇಮಕಾತಿ ವಿಭಾಗ ಅವನಿಗೆ ಬೇರೆ ಕಡೆ ಕೆಲಸ ಹುಡುಕುತ್ತಿತ್ತು. ಕೂಲಿಯನ್ನೂ ಕೌಶಲ್ಯದ ಮೆಟ್ಟಿಲುಗಳಾಗಿ ವಿಂಗಡಿಸಿದರು.

1914ರ ಜನವರಿಯಲ್ಲಿ ದಿನಕ್ಕೆ 5 ಡಾಲರ್ ಘೋಷಣೆಯಾಯ್ತು. ಆದರೆ ಅದರ ಲಾಭದ ಪಾಲು ಸಿಗಬೇಕಾದರೆ ಕಂಪನಿಯ ತನಿಖೆಯವರು ಮನೆಗೇ ಬಂದು ಕುಡಿತ, ಉಳಿತಾಯ ಎಲ್ಲಾ ವಿಚಾರಿಸುತ್ತಿದ್ದರು! ಮರ್ಜಿ ಹೋಗಿರಲಿಲ್ಲ, ಬೇರೆ ಮೇಜಿಗೆ ದಾಟಿತ್ತು.

1920ರ ದಶಕದಲ್ಲಿ ಈ ಸುಧಾರಣೆಗಳು ಸೊರಗಿದವು, ಬೆದರಿಕೆಯ ಆಡಳಿತ ಬಂತು. 1941ರಲ್ಲಿ ಯೂನಿಯನ್ ಒಪ್ಪಂದವಾದ ಮೇಲೇ ಮೇಲಿನವರ ತೀರ್ಮಾನವನ್ನು ಪ್ರಶ್ನಿಸಲು ಕೆಲಸಗಾರನಿಗೆ ಒಂದು ದಾರಿ ಸಿಕ್ಕಿದ್ದು.

ನನಗನ್ನಿಸೋದು ಇಷ್ಟೇ. ಪಾಲಿಸಿ ಬರೆದವರು ಯಾರೋ, ಜಾರಿ ಮಾಡುವವರು ಯಾರೋ. "ಯಾಕೆ?" ಅಂತ ಕೇಳೋಕೆ ಜಾಗ ಇಲ್ಲದಿದ್ದರೆ ಎಷ್ಟು ಒಳ್ಳೆ ಪಾಲಿಸಿಯೂ ಫೋರ್‌ಮನ್ ಮರ್ಜಿಯೇ. ಏನಂತೀರಿ?