ಚಿತ್ರಪಟ್ಟಿಯೂ ಹದಿನೇಳು ಮಾತ್ರೆಯೂ

ಷಿಕಾಗೋ ನಗರದ ನೈಋತ್ಯಕ್ಕೆ, ಲಿಂಕನ್ ಹೆದ್ದಾರಿಯೂ 66ನೆಯ ಮಾರ್ಗವೂ ಕೆಲದೂರ ಒಂದೇ ಬೀದಿಯಾಗಿ ಸಾಗುವ ಪ್ಲೇನ್‌ಫೀಲ್ಡಿನಂತಹ ಸಣ್ಣ ಊರುಗಳಿಗೆ, ಕಳೆದ ಶತಮಾನದ ಪೂರ್ವಾರ್ಧದಲ್ಲಿ ಮಹಾನಗರದ ವಿನೋದವು ಬಹುಮಟ್ಟಿಗೆ ವೃತ್ತಪತ್ರಿಕೆಯ ಮೂಲಕವೇ ತಲಪುತ್ತಿದ್ದಿತು. ‘ಷಿಕಾಗೋ ಟ್ರಿಬ್ಯೂನ್’ ಪತ್ರಿಕೆಯು ಚಿತ್ರಪಟ್ಟಿಯನ್ನೂ ಓದುಗರ ಚಾಟುಪದ್ಯವನ್ನೂ ಒಟ್ಟಿಗೇ ಪೋಷಿಸಿತು; 1921ರಲ್ಲಿ ತೀರಿಕೊಂಡ ಬರ್ಟ್ ಲೆಸ್ಟನ್ ಟೇಲರನ ಅಂಕಣಕ್ಕೆ ಓದುಗರು ಕಳುಹುತ್ತಿದ್ದ ಲಘುಪದ್ಯಗಳೇ ಜೀವಾಳ. ಅದೇ ನಗರದಲ್ಲಿ ಹ್ಯಾರಿಯೆಟ್ ಮನ್ರೋ 1912ರಲ್ಲಿ ಆರಂಭಿಸಿದ ‘ಪೊಯಟ್ರಿ’ ಮಾಸಪತ್ರಿಕೆಯು ಮರುವರ್ಷ ಎಜ್ರಾ ಪೌಂಡನ ಎರಡು ಸಾಲಿನ ಮೆಟ್ರೋ ಪದ್ಯವನ್ನು ಪ್ರಕಟಿಸಿ, ಹಾಯ್ಕುವೆಂಬ ಜಪಾನೀ ಕಿರುಪದ್ಯದ ಗಾಳಿಯನ್ನು ಇಂಗ್ಲಿಷ್ ಕವಿತೆಯತ್ತ ತಿರುಗಿಸಿತು.

ಚಿತ್ರಪಟ್ಟಿಯನ್ನು ನೋಡಿ ಹಾಯ್ಕು ಕಟ್ಟುವುದು ಈಚಿನವರ ಹುಡುಗಾಟವೆಂದು ಮೂಗು ಮುರಿಯುವವರುಂಟು. ಆದರೆ ಆಟದ ಕ್ರಮ ಪುರಾತನವಾದುದು. ಜಪಾನಿನ ಎದೋ ನಗರದ ಕರಾಯ್ ಸೆನ್‌ರ್ಯೂ (1718–1790) ಎಂಬ ತೀರ್ಪುಗಾರನು ಹದಿನಾಲ್ಕು ಮಾತ್ರೆಗಳ ಸಮಸ್ಯೆಗೆ ಹದಿನೇಳು ಮಾತ್ರೆಗಳ ಪೂರಣಗಳನ್ನು ಜನರಿಂದ ಶುಲ್ಕಸಹಿತವಾಗಿ ತರಿಸಿಕೊಂಡು, ಮೆಚ್ಚಿಕೆಯಾದವನ್ನು ಆಯ್ದು ಪ್ರಕಟಪಡಿಸುತ್ತಿದ್ದನು. ನಮ್ಮ ಅವಧಾನಿಗಳ ಸಮಸ್ಯಾಪೂರಣಕ್ಕೆ ಇದು ದೂರದ ನೆಂಟ. 1765ರಲ್ಲಿ ಹೊರಟ ‘ಯಾನಗಿದಾರು’ ಸಂಕಲನವು ಸಮಸ್ಯೆಯನ್ನು ಕೈಬಿಟ್ಟು ಪೂರಣವನ್ನಷ್ಟೇ ಅಚ್ಚಿಸಿತು. ಋತುವರ್ಣನೆಯ ಹಂಗಿಲ್ಲದ, ಮನುಷ್ಯನ ಪೆಚ್ಚುತನವೇ ವಸ್ತುವಾದ ಆ ಪದ್ಯಜಾತಿಗೆ ಅವನ ಹೆಸರೇ ನಿಂತಿತು. ಚಿತ್ರದ ಚೌಕವೂ ಒಡ್ಡುವುದು ಸಮಸ್ಯೆಯನ್ನೇ ತಾನೆ?

ಎಲ್ಲ ಚಿತ್ರಪಟ್ಟಿಗೂ ಒಂದೇ ಬಗೆಯ ಪದ್ಯ ಒಗ್ಗದು. ಚೆಸ್ಟರ್ ಗೂಲ್ಡನು 1931ರಲ್ಲಿ ಸೃಷ್ಟಿಸಿದ ಗರುಡಮೂಗಿನ ಪತ್ತೇದಾರ ಡಿಕ್ ಟ್ರೇಸಿಗೆ ಸೆನ್‌ರ್ಯೂವಿನ ಕಟಕಿಯೇ ತಕ್ಕುದು. ಫ್ರ್ಯಾಂಕ್ ಕಿಂಗನು 1918ರಲ್ಲಿ ಆರಂಭಿಸಿದ ‘ಗ್ಯಾಸೊಲೀನ್ ಅ್ಯಾಲಿ’ಯ ಮಾತೇ ಬೇರೆ. 1921ರ ಫೆಬ್ರವರಿ 14ರಂದು ಅವಿವಾಹಿತ ವಾಲ್ಟನ ಹೊಸ್ತಿಲಲ್ಲಿ ದೊರೆತ ಸ್ಕೀಜಿಕ್ಸನೆಂಬ ಶಿಶುವು, ಓದುಗರ ಮಕ್ಕಳೊಡನೆಯೇ ವರ್ಷವರ್ಷವೂ ಬೆಳೆಯುತ್ತ ಹೋದನು. ಶರತ್ಕಾಲದ ಭಾನುವಾರದ ವರ್ಣಪುಟಗಳಲ್ಲಿ ಇವರಿಬ್ಬರೂ ಕೆಂಪು ಹಳದಿ ಎಲೆಗಳ ನಡುವೆ ಸುಮ್ಮನೆ ಅಡ್ಡಾಡುವರು. ನಗೆಹನಿಯ ಹಂಬಲವೇ ಅಲ್ಲಿಲ್ಲ. ಹಾಯ್ಕು ಬೇಡುವ ಋತು ಚಿತ್ರದಲ್ಲಿಯೇ ಬಂದು ನಿಂತಿರುತ್ತದೆ.

ಕನ್ನಡದಲ್ಲಿ ವ್ಯಂಗ್ಯಚಿತ್ರವೂ ವಿನೋದಬರಹವೂ ಜೊತೆಗೂಡಿ ಮೆರೆದುದು ರಾಶಿಯವರು 1942ರಲ್ಲಿ ಹೊರಡಿಸಿದ ‘ಕೊರವಂಜಿ’ ಪತ್ರಿಕೆಯಲ್ಲಿ; ಆರ್. ಕೆ. ಲಕ್ಷ್ಮಣರೂ ಅದಕ್ಕೆ ಚಿತ್ರ ಬರೆದವರು. ದಿನಕರ ದೇಸಾಯಿಯವರ ಚೌಪದಿ ಕಿರುಪದ್ಯದ ರುಚಿಯನ್ನು ಮನೆಮನೆಗೆ ಹಚ್ಚಿತು. ಛಂದಸ್ಸಿನ ಮಟ್ಟಿಗೆ ಕನ್ನಡಿಗನು ಷಿಕಾಗೋ ಕವಿಗಿಂತ ಭಾಗ್ಯವಂತನೆಂದೇ ನನ್ನ ಎಣಿಕೆ: ಇಂಗ್ಲಿಷಿನವನು ಉಚ್ಚಾರಾಂಶವನ್ನೆಣಿಸಬೇಕು, ಜಪಾನೀಯನಂತೆ ನಾವು ಮಾತ್ರೆಯನ್ನೇ ಎಣಿಸಬಲ್ಲೆವು, ಹಾಯ್ಕುವಿನ ನಡುಸಾಲಿನ ಏಳು ಮಾತ್ರೆಗಳಂತೂ ಭಾಮಿನಿಯ ಮೂರು-ನಾಲ್ಕರ ನಡೆಗೆ ತಾವಾಗಿಯೇ ಒಗ್ಗುತ್ತವೆ. ತೊಡಕಿರುವುದು ನಮ್ಮ ಶಬ್ದಗಳ ಉದ್ದದಲ್ಲಿ. ‘ಸ್ಕೀಜಿಕ್ಸ’ ಎಂಬ ಹೆಸರೊಂದಕ್ಕೇ ಮೊದಲ ಸಾಲಿನ ಐದು ಮಾತ್ರೆಗಳೂ ಸಂದುಹೋಗುತ್ತವೆ. ವಾಲ್ಟನು ನಡೆಯಬೇಕಾದುದೂ ಎಲೆ ಉದುರಬೇಕಾದುದೂ ಉಳಿದ ಹನ್ನೆರಡರಲ್ಲಿಯೇ.