ಸುಸ್ತಿದಾರ ಯಾರು?

ಹೆಬ್ಬಾಳ, ಯಲಹಂಕಗಳ ಕಡೆಗೆ ಹೋಗುವ ಬಳ್ಳಾರಿ ರಸ್ತೆ ಇಂದು ವಿಮಾನ ಹಿಡಿಯುವವರ ರಸ್ತೆ. ಅದೇ ರಸ್ತೆಯ ಪಕ್ಕದಲ್ಲಿ 'ಅವಲಾನ್' ಎಂಬ ಹಳೆಯ ಬಂಗಲೆಯೊಂದಿದೆ. 1959ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ನೆಲೆಯೂರಿದ್ದು ಇಲ್ಲಿ. 1960ರ ಸೆಪ್ಟೆಂಬರಿನಲ್ಲಿ ಪ್ರಧಾನಿ ನೆಹರೂ ಬಂದು ಅದನ್ನು ಉದ್ಘಾಟಿಸಿದರು. ಆ ಕಾಂಪೌಂಡಿನೊಳಗೆ ಕೂತ ವೈದ್ಯರು, ಸಮಾಜ ವಿಜ್ಞಾನಿಗಳು ಕೇಳಿಕೊಂಡ ಒಂದು ಪ್ರಶ್ನೆ ಸರಳವಾಗಿತ್ತು: ಮಾತ್ರೆಯನ್ನು ಸರ್ಕಾರವೇ ಪುಕ್ಕಟೆ ಕೊಡುತ್ತಿರುವಾಗಲೂ ರೋಗಿ ಅರ್ಧದಲ್ಲೇ ಏಕೆ ಬಿಡುತ್ತಾನೆ? ಬಿಟ್ಟ ಮೇಲೆ ಅವನಿಗೇನಾಗುತ್ತದೆ?

ಹೀಗೆ ಬಿಟ್ಟವನಿಗೆ ಆರೋಗ್ಯ ಇಲಾಖೆಯ ಇಂಗ್ಲಿಷಿನಲ್ಲಿ ಬಹುಕಾಲ 'ಡಿಫಾಲ್ಟರ್' ಎಂಬ ಹೆಸರಿತ್ತು. ಸಾಲ ತೀರಿಸದವನಿಗೆ ಬ್ಯಾಂಕು ಕೊಡುವ ಹೆಸರೂ ಅದೇ. ನಮ್ಮ ಸಹಕಾರ ಸಂಘಗಳ ಕನ್ನಡದಲ್ಲಿ ಹೇಳುವುದಾದರೆ ಸುಸ್ತಿದಾರ. ಈ ಪದ ನಮಗೆ ಬಂದದ್ದು ಫಾರಸಿಯಿಂದ. ಉರ್ದುವಿನಲ್ಲಿ ಸುಸ್ತಿ ಎಂದರೆ ಸೋಮಾರಿತನ. ಕನ್ನಡದಲ್ಲಿ ಸುಸ್ತು ಎಂದರೆ ದಣಿವು. ಎರಡೂ ಭಾಷೆಗಳಲ್ಲಿ ಓದು ಕಲಿತ ನಮ್ಮಂಥವರಿಗೆ ಈ ವ್ಯತ್ಯಾಸ ಬರೀ ನಿಘಂಟಿನ ಸಂಗತಿಯಾಗಿ ಕಾಣುವುದಿಲ್ಲ. ಔಷಧಿ ಬಿಟ್ಟವನು ಸೋಮಾರಿಯೋ, ದಣಿದವನೋ? ಕ್ಷಯದ ಚಿಕಿತ್ಸೆಯ ಚರಿತ್ರೆಯೆಲ್ಲ ಈ ಎರಡು ಅರ್ಥಗಳ ನಡುವೆ ಓಡಾಡಿದೆ.

ಔಷಧಿಯೇ ಇಲ್ಲದಿದ್ದ ಕಾಲದಲ್ಲಿ ಬಿಡುವ ಪ್ರಶ್ನೆ ಇರಲಿಲ್ಲ. ಒಳ್ಳೆಯ ಗಾಳಿ, ಹಾಲು, ಮೊಟ್ಟೆ, ವಿಶ್ರಾಂತಿ - ಇಷ್ಟೇ ಚಿಕಿತ್ಸೆ. ಅದಕ್ಕಾಗಿ ಊರಾಚೆ ಸ್ಯಾನಟೋರಿಯಂಗಳು ಎದ್ದವು. ಮದನಪಲ್ಲಿಯ ಆರೋಗ್ಯವರಂ 1915ರಷ್ಟು ಹಳೆಯದು. ಮೈಸೂರಿನಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಸ್ಯಾನಟೋರಿಯಂ ಇತ್ತು. ಅಲ್ಲಿ ಹಾಸಿಗೆ ಸಿಕ್ಕವರು ಕೆಲವರು; ಸಿಗದೆ ಮನೆಯ ಮೂಲೆಯಲ್ಲಿ ಕೆಮ್ಮುತ್ತ ಸವೆದವರೇ ಹೆಚ್ಚು. ಎರಡನೇ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಸ್ಟ್ರೆಪ್ಟೊಮೈಸಿನ್, ಆಮೇಲೆ ಪಿ.ಎ.ಎಸ್., 1952ರಲ್ಲಿ ಐಸೊನಿಯಾಜಿಡ್ ಬಂದವು. ತಪೆದಿಖ್ ಎಂಬ ಹೆಸರು ಕೇಳಿದರೇ ಕಫನ್ನು ನೆನಪಾಗುತ್ತಿದ್ದ ಮನೆಗಳಿಗೆ ಮೊದಲ ಬಾರಿ ಬದುಕುವ ದಾರಿ ಕಂಡಿತು.

ಆದರೆ ಆ ದಾರಿ ಉದ್ದವಾಗಿತ್ತು. ವರ್ಷ, ಒಂದೂವರೆ ವರ್ಷ ಔಷಧಿ ತೆಗೆದುಕೊಳ್ಳಬೇಕು. ಅಷ್ಟು ಜನರಿಗೆ ಆಸ್ಪತ್ರೆಯಲ್ಲಿ ಹಾಸಿಗೆ ಎಲ್ಲಿಂದ ತರುವುದು? 1956ರಲ್ಲಿ ಮದ್ರಾಸಿನಲ್ಲಿ ಶುರುವಾದ ಅಧ್ಯಯನವೊಂದು ಇದಕ್ಕೆ ಉತ್ತರ ಕೊಟ್ಟಿತು. ಬ್ರಿಟಿಷ್ ವೈದ್ಯ ವ್ಯಾಲೇಸ್ ಫಾಕ್ಸ್ ಮತ್ತು ಅವರ ಸಂಗಡಿಗರು ಬಡ ರೋಗಿಗಳಲ್ಲಿ ಕೆಲವರನ್ನು ಸ್ಯಾನಟೋರಿಯಂನಲ್ಲಿಟ್ಟು, ಉಳಿದವರನ್ನು ಅವರವರ ಮನೆಯಲ್ಲೇ ಬಿಟ್ಟು ಒಂದೇ ಔಷಧಿ ಕೊಟ್ಟರು. ಇಕ್ಕಟ್ಟಿನ ಮನೆಯಲ್ಲಿ, ಅರೆಹೊಟ್ಟೆಯಲ್ಲಿ ಇದ್ದವರೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣವಾದರು. 1959ರಲ್ಲಿ ಇದು ಪ್ರಕಟವಾದ ಮೇಲೆ ಜಗತ್ತಿನ ಬಹಳ ಕಡೆ ಸ್ಯಾನಟೋರಿಯಂಗಳ ಕಾಲ ಮುಗಿಯತೊಡಗಿತು. ಫಾಕ್ಸ್ ಇನ್ನೊಂದನ್ನೂ ಗಮನಿಸಿದ್ದರು: ಮನೆಗೆ ಒಯ್ದ ಮಾತ್ರೆಯನ್ನೆಲ್ಲ ರೋಗಿ ನುಂಗುತ್ತಾನೆಂಬ ಖಾತ್ರಿಯಿಲ್ಲ. ಹೇಳದೆ ಕೇಳದೆ ಮನೆಗೆ ಹೋಗಿ ಮಾತ್ರೆ ಎಣಿಸುವುದು, ಮೂತ್ರ ಪರೀಕ್ಷೆ ಮಾಡುವುದು ಆಗಲೇ ಶುರುವಾಯಿತು. ರೋಗಿಯ ಮೇಲಿನ ಅನುಮಾನಕ್ಕೂ ಮನೆ ಚಿಕಿತ್ಸೆಯಷ್ಟೇ ವಯಸ್ಸು.

ಬೆಂಗಳೂರಿನ ಸಂಸ್ಥೆ ಈ ಅನುಮಾನವನ್ನು ತಿರುಗಿಸಿ ನೋಡಿತು ಎಂಬುದೇ ಅದರ ದೊಡ್ಡಸ್ತಿಕೆ. ಅಲ್ಲಿ ದೇಬಬರ್ ಬ್ಯಾನರ್ಜಿ ಎಂಬ ವೈದ್ಯರಿದ್ದರು, ಮಾನವಶಾಸ್ತ್ರವನ್ನೂ ಓದಿದ್ದವರು. ಅವರು ಮತ್ತು ಸಮಾಜ ವಿಜ್ಞಾನಿ ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯಲ್ಲಿ ಕ್ಷಯವಿದ್ದವರನ್ನು ಕಂಡು ಮಾತನಾಡಿಸಿದರು. ಹಳ್ಳಿಯವರಿಗೆ ತಿಳಿವಳಿಕೆಯಿಲ್ಲ, ಕಾಯಿಲೆ ಬಂದರೂ ಗೊತ್ತಾಗುವುದಿಲ್ಲ ಎಂಬುದು ಆಗಿನ ನಂಬಿಕೆ. 1963ರಲ್ಲಿ ಪ್ರಕಟವಾದ ಅವರ ಬರಹ ಬೇರೆಯದನ್ನೇ ಹೇಳಿತು. ಬಹುಪಾಲು ರೋಗಿಗಳಿಗೆ ತಮ್ಮ ಮೈಯಲ್ಲಿ ಏನೋ ಸರಿಯಿಲ್ಲವೆಂಬುದು ಗೊತ್ತಿತ್ತು. ಸುಮಾರು ಅರ್ಧದಷ್ಟು ಜನ ಆಗಲೇ ಆಸ್ಪತ್ರೆಯ ಬಾಗಿಲು ತಟ್ಟಿ ಬಂದಿದ್ದರು. ಅವರ ಕಾಯಿಲೆ ಏನೆಂದು ಅಲ್ಲಿ ಪತ್ತೆಯಾಗಲಿಲ್ಲ, ಅಷ್ಟೆ. ಅದೇ ವರ್ಷ ಬೆಂಗಳೂರು ನಗರದಲ್ಲಿ ಚಿಕಿತ್ಸೆಗೆ ಸೇರಿ ಸರಿಯಾಗಿ ಬಾರದವರ ಬಗ್ಗೆಯೂ ಇವರಿಬ್ಬರ ಬರಹ ಹೊರಬಂತು. ಹೀಗೆ ಬಾಗಿಲಿಗೆ ಬಂದವನನ್ನು ಮೊದಲು ಸರಿಯಾಗಿ ನೋಡಿ ಎಂಬ ತತ್ವದ ಮೇಲೆ 1962ರ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ನಿಂತಿತು. ಆ ದಿನಗಳಲ್ಲಿ ಭಾರತದಲ್ಲಿ ಕೆಲಸ ಮಾಡಿದ ಡೆನ್ಮಾರ್ಕಿನ ವೈದ್ಯ ಹಾಫ್ಡನ್ ಮಾಹ್ಲರ್ ಮುಂದೆ 1973ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಸ್ಥರಾದರು. 'ಎಲ್ಲರಿಗೂ ಆರೋಗ್ಯ' ಎಂಬ 1978ರ ಆಲ್ಮಾ ಅಟಾ ಘೋಷಣೆಯ ಹಿಂದೆ ಅವರಿದ್ದರು.

ಇನ್ನು ಎರಡನೇ ಪ್ರಶ್ನೆ: ಚಿಕಿತ್ಸೆ ಇಲ್ಲದಿದ್ದರೆ ಏನಾಗುತ್ತದೆ? ಸಂಸ್ಥೆಯವರು 1961ರಿಂದ 68ರವರೆಗೆ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳನ್ನು ಮತ್ತೆ ಮತ್ತೆ ಸುತ್ತಿದರು. 1974ರಲ್ಲಿ ಪ್ರಕಟವಾದ ಆ ಲೆಕ್ಕವನ್ನು ಇಂದಿಗೂ ಲೋಕದ ಎಲ್ಲ ಕಡೆ ಉಲ್ಲೇಖಿಸುತ್ತಾರೆ. ಕಫದಲ್ಲಿ ಕ್ರಿಮಿಯಿದ್ದವರಲ್ಲಿ ಐದು ವರ್ಷಗಳ ಕೊನೆಗೆ ಶೇ. 49ರಷ್ಟು ಜನ ಸತ್ತಿದ್ದರು. ಶೇ. 33ರಷ್ಟು ಜನರ ಕಫದಲ್ಲಿ ಕ್ರಿಮಿ ತಾನಾಗಿ ಇಲ್ಲವಾಗಿತ್ತು. ಉಳಿದ ಶೇ. 18ರಷ್ಟು ಜನ ಬದುಕಿದ್ದರು, ಕೆಮ್ಮುತ್ತಿದ್ದರು, ಸೋಂಕು ಹರಡುತ್ತಿದ್ದರು.

ಈ ಮೂರನೇ ಗುಂಪನ್ನು ಓದುಗರು ಗಮನಿಸಬೇಕು. ಅರ್ಧಕ್ಕೆ ಬಿಟ್ಟ ಚಿಕಿತ್ಸೆ ಹಲವು ಸಲ ಸಾವನ್ನು ಮುಂದೂಡುತ್ತದೆ, ಸೋಂಕನ್ನು ನಿಲ್ಲಿಸುವುದಿಲ್ಲ. ಹಾಗಾಗಿ ಈ ಮೂರನೇ ಗುಂಪೇ ಬೆಳೆಯುತ್ತದೆ. ಇದು ಹೇಗೆ ಎಂಬುದು ಕಷ್ಟದ ವಿಜ್ಞಾನವಲ್ಲ. ಔಷಧಿ ಶುರುವಾದ ಕೆಲವು ವಾರಗಳಲ್ಲೇ ಚುರುಕಾಗಿ ಬೆಳೆಯುತ್ತಿದ್ದ ಕ್ರಿಮಿಗಳೆಲ್ಲ ಸಾಯುತ್ತವೆ. ಜ್ವರ ಇಳಿಯುತ್ತದೆ, ಹಸಿವಾಗುತ್ತದೆ, ಮೈ ತುಂಬಿಕೊಳ್ಳುತ್ತದೆ. ಆದರೆ ಮಲಗಿದಂತೆ ಇರುವ ಕೆಲವು ಕ್ರಿಮಿಗಳು ಉಳಿದಿರುತ್ತವೆ. ಉಳಿದ ತಿಂಗಳುಗಳ ಮಾತ್ರೆ ಇವುಗಳಿಗಾಗಿ. ಆಗ ಬಿಟ್ಟರೆ ಅವು ಏಳುತ್ತವೆ. ಒಮ್ಮೆ ತಿಂದು ಒಮ್ಮೆ ಬಿಟ್ಟರೆ, ಅಥವಾ ಕೆಲವನ್ನೇ ತಿಂದರೆ, ಔಷಧಿಗೆ ಜಗ್ಗದ ಕ್ರಿಮಿಗಳು ಬದುಕಿ ಸಂತಾನ ಬೆಳೆಸುತ್ತವೆ.

ನಮ್ಮ ಜನರ ಅನುಭವದಲ್ಲಿ ಔಷಧಿಗೆ ಬೇರೆಯದೇ ನಿಯಮವಿದೆ. ಹಕೀಮರ ಮಾಜೂನಾಗಲಿ, ನಾಟಿ ವೈದ್ಯರ ಕಷಾಯವಾಗಲಿ, ಮೆಡಿಕಲ್ ಶಾಪಿನ ಜ್ವರದ ಮಾತ್ರೆಯಾಗಲಿ, ಗುಣ ಕಂಡ ದಿನ ನಿಲ್ಲಿಸುವುದು ವಾಡಿಕೆ. ಮೈ ಹಗುರಾದರೆ ಪಥ್ಯವೂ ಮುಗಿಯಿತು, ಪರ್ಹೇಜೂ ಮುಗಿಯಿತು. ಇದು ಮೂಢತನವಲ್ಲ; ನೂರು ಕಾಯಿಲೆಗಳಲ್ಲಿ ಸರಿಹೋಗುವ ಲೆಕ್ಕ ಈ ಒಂದರಲ್ಲಿ ಸರಿಹೋಗುವುದಿಲ್ಲ. ಅದನ್ನು ರೋಗಿಗೆ ಅವನ ಮಾತಿನಲ್ಲಿ ಕೂತು ಹೇಳುವ ವ್ಯವಧಾನ ಎಷ್ಟು ಕಡೆ ಇತ್ತು?

ಬಿಡಲು ಬೇರೆ ಕಾರಣಗಳೂ ಉಂಟು. ಯಶವಂತಪುರದ ಯಾರ್ಡಿನಲ್ಲಿ ಮೂಟೆ ಹೊರುವ ಹಮಾಲಿಗೆ ಆಸ್ಪತ್ರೆಯ ಸಾಲಿನಲ್ಲಿ ನಿಂತ ಒಂದು ಬೆಳಗು ಎಂದರೆ ಆ ದಿನದ ಕೂಲಿ. ಹೆಬ್ಬಾಳ, ಯಲಹಂಕಗಳಲ್ಲಿ ಕಟ್ಟಡ ಕಟ್ಟಲು ರಾಯಚೂರು, ಯಾದಗಿರಿ ಕಡೆಯಿಂದ ಬಂದವರು ಕೆಲಸ ಮುಗಿದ ದಿನ ಗಂಟುಮೂಟೆ ಕಟ್ಟುತ್ತಾರೆ. ಚೀಟಿ ಇಲ್ಲಿಯೇ ಉಳಿಯುತ್ತದೆ. ಹಿಂದಿನ ಪಿ.ಎ.ಎಸ್. ಹಿಡಿಗಟ್ಟಲೆ ನುಂಗಬೇಕಿತ್ತು, ಹೊಟ್ಟೆ ತೊಳಸುತ್ತಿತ್ತು. ಇಂದಿನ ರಿಫಾಂಪಿಸಿನ್ ಮೂತ್ರವನ್ನು ಕೆಂಪಗೆ ಮಾಡುತ್ತದೆ. ಅದು ಔಷಧಿಯ ಬಣ್ಣ, ರಕ್ತವಲ್ಲ ಎಂದು ಮೊದಲೇ ಹೇಳದಿದ್ದರೆ ಯಾರಿಗಾದರೂ ಗಾಬರಿಯಾಗುತ್ತದೆ. ಮದುವೆಗೆ ಬಂದ ಹುಡುಗಿಯ ಮನೆಯವರು ಮಾತ್ರೆಯನ್ನು ಅಕ್ಕಿ ಡಬ್ಬಿಯ ಹಿಂದೆ ಇಡುತ್ತಾರೆ; ನೆಂಟರು ಬಂದರೆ ಆ ದಿನದ ಮಾತ್ರೆ ತಪ್ಪುತ್ತದೆ. ರಂಜಾನ್ ಬಂದಾಗ ರೋಜಾ ಬಿಡಲು ಮನಸ್ಸೊಪ್ಪದೆ ಮಾತ್ರೆ ಬಿಡುವವರಿದ್ದಾರೆ. ಕಾಯಿಲೆಯವರಿಗೂ ಪ್ರಯಾಣಿಕರಿಗೂ ಉಪವಾಸದಿಂದ ರಿಯಾಯಿತಿ ಇದೆ, ಆ ದಿನಗಳನ್ನು ಆಮೇಲೆ ಪೂರೈಸಬಹುದು ಎಂಬುದು ಕುರ್‌ಆನಿನಲ್ಲೇ ಇರುವ ಮಾತು. ಈ ಮಾತನ್ನು ಜುಮಾದ ದಿನ ಮಿಂಬರಿನ ಮೇಲಿಂದ ಒಬ್ಬ ಇಮಾಮರು ಹೇಳಿದರೆ ಹತ್ತು ಭಿತ್ತಿಪತ್ರಗಳಿಗಿಂತ ಹೆಚ್ಚು ಕೆಲಸವಾಗುತ್ತದೆ.

ವೈದ್ಯರ ಪಾಲೂ ಇದರಲ್ಲಿದೆ. 1991ರಲ್ಲಿ ಪ್ರಕಟವಾದ ಅಧ್ಯಯನವೊಂದು ಮುಂಬೈಯ ಧಾರಾವಿಯಲ್ಲಿ 100 ಖಾಸಗಿ ವೈದ್ಯರನ್ನು ಕ್ಷಯಕ್ಕೆ ಯಾವ ಔಷಧಿ ಬರೆಯುತ್ತೀರಿ ಎಂದು ಕೇಳಿತು. ಸಿಕ್ಕಿದ್ದು 80 ಬಗೆಯ ಉತ್ತರ! ತಪ್ಪು ಚೀಟಿಯನ್ನು ಚಾಚೂ ತಪ್ಪದೆ ಪಾಲಿಸಿದ ರೋಗಿಯೂ ಗುಣವಾಗಲಿಲ್ಲ. ಅವನನ್ನು ಯಾವ ಪಟ್ಟಿಗೆ ಸೇರಿಸುವುದು?

1992ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವನ್ನು ಪರಿಶೀಲಿಸಿದಾಗ ಚಿಕಿತ್ಸೆ ಪೂರ್ತಿ ಮಾಡುವವರು ಹತ್ತರಲ್ಲಿ ನಾಲ್ವರಿಗಿಂತ ಕಡಿಮೆ ಎಂದು ಗೊತ್ತಾಯಿತು. ಆಮೇಲೆ 1997ರಿಂದ ಹರಡಿ 2006ರ ಹೊತ್ತಿಗೆ ದೇಶವನ್ನೆಲ್ಲ ಮುಟ್ಟಿದ್ದು ಡಾಟ್ಸ್. ವಾರಕ್ಕೆ ಮೂರು ದಿನ ಆರೋಗ್ಯ ಕಾರ್ಯಕರ್ತರ ಕಣ್ಣೆದುರಿಗೇ ಮಾತ್ರೆ ನುಂಗಬೇಕು. ಇದರಲ್ಲಿ ಅನುಮಾನದ ಕಣ್ಣಿತ್ತು, ನಿಜ. ಆದರೆ ಒಂದು ಒಳ್ಳೆಯ ಅಂಶವೂ ಇತ್ತು: ಪ್ರತಿ ರೋಗಿಯ ಹೆಸರಿನಲ್ಲಿ ಪೂರಾ ಚಿಕಿತ್ಸೆಯ ಔಷಧಿ ತುಂಬಿದ ಒಂದು ಡಬ್ಬಿಯನ್ನು ಮೊದಲ ದಿನವೇ ಎತ್ತಿಡುತ್ತಿದ್ದರು. ನೀನು ಬಾ ಎಂದು ಕರೆಯುವ ಮುನ್ನ ಸರ್ಕಾರ ತನ್ನ ಮಾತು ಉಳಿಸಿಕೊಳ್ಳುತ್ತಿತ್ತು. 2017ರಿಂದ ದಿನವೂ ಮಾತ್ರೆ ಕೊಡುವ ಕ್ರಮ ಬಂತು. ಕ್ರಿಮಿಯ ಮಟ್ಟಿಗೆ ಅದು ಮೇಲು.

ಆ ಮಾತು ಮುರಿದ ಸಂದರ್ಭಗಳೂ ಇವೆ. 2019ರಲ್ಲಿ ದೇಶದಲ್ಲಿ ಸುಮಾರು 24 ಲಕ್ಷ ಕ್ಷಯರೋಗಿಗಳು ದಾಖಲಾಗಿದ್ದರು. ಕೊರೊನಾ ಬಂದ 2020ರಲ್ಲಿ ಆ ಸಂಖ್ಯೆ ಸುಮಾರು 18 ಲಕ್ಷಕ್ಕೆ ಇಳಿಯಿತು. ಕಾಯಿಲೆ ಕಡಿಮೆಯಾಗಿ ಅಲ್ಲ. ಬಸ್ಸಿರಲಿಲ್ಲ, ಬಾಗಿಲು ತೆರೆದಿರಲಿಲ್ಲ. 2024ರ ಮಾರ್ಚಿನಲ್ಲಿ ಮಾತ್ರೆಗಳ ದಾಸ್ತಾನೇ ಸಾಲದಾಗಿ, ಸ್ಥಳೀಯವಾಗಿ ಕೊಂಡುಕೊಳ್ಳಿ ಎಂದು ಕೇಂದ್ರ ಸರ್ಕಾರ ರಾಜ್ಯಗಳಿಗೆ ಬರೆಯಬೇಕಾಯಿತು. ಹಲವು ಕಡೆ ರೋಗಿಗಳು ಕೆಲವೇ ದಿನಗಳ ಮಾತ್ರೆ ಹಿಡಿದು ಮನೆಗೆ ಹೋದರು. ಒಂದು ದಿನವೂ ತಪ್ಪಿಸಬೇಡಿ ಎಂದು ದಶಕಗಳಿಂದ ಹೇಳಿದವರೇ ತಪ್ಪಿಸಿದಾಗ ಸುಸ್ತಿದಾರ ಯಾರು?

ಇದರ ಬೆಲೆ ತೆತ್ತವರು ಔಷಧಿಗೆ ಜಗ್ಗದ ಕ್ಷಯ ಹತ್ತಿದವರು. ಅವರಿಗೆ 2007ರಿಂದ ಸರ್ಕಾರಿ ಚಿಕಿತ್ಸೆ ಶುರುವಾದಾಗ ಅದು ಎರಡು ವರ್ಷದ್ದಾಗಿತ್ತು. ತಿಂಗಳುಗಟ್ಟಲೆ ಚುಚ್ಚುಮದ್ದು, ಅದರಿಂದ ಕಿವಿ ಕಳೆದುಕೊಂಡವರಿದ್ದಾರೆ. ಇವರೆಲ್ಲ ತಾವೇ ಔಷಧಿ ಬಿಟ್ಟವರಲ್ಲ. ಅಂಥ ಕ್ರಿಮಿ ಗಾಳಿಯಲ್ಲಿ ನೇರವಾಗಿ ಬರುತ್ತದೆ. ಒಂದು ಮಾತ್ರೆಯನ್ನೂ ಮುಟ್ಟದ ಮಗುವಿಗೂ ಬರಬಹುದು. 2024ರಲ್ಲಿ ಇದಕ್ಕೂ ಆರು ತಿಂಗಳ, ಬರೀ ಮಾತ್ರೆಗಳ ಚಿಕಿತ್ಸೆಗೆ ಸರ್ಕಾರ ಒಪ್ಪಿಗೆ ಕೊಟ್ಟಿದೆ.

ಇನ್ನೊಂದು ಪಾಠ ನಮ್ಮ ನಾಡಿನಿಂದಲೇ ಬಂದಿದೆ. ಅರೆಹೊಟ್ಟೆಯವನಿಗೂ ಮಾತ್ರೆ ಕೆಲಸ ಮಾಡುತ್ತದೆ ಎಂದ ಮದ್ರಾಸಿನ ಅಧ್ಯಯನವನ್ನು, ಹಾಗಾದರೆ ಹೊಟ್ಟೆಯ ಚಿಂತೆ ಬೇಡ ಎಂದು ಆಡಳಿತಗಳು ಓದಿಕೊಂಡಂತೆ ತೋರುತ್ತದೆ. ಮಂಗಳೂರಿನ ಯೆನೆಪೋಯ ಮೆಡಿಕಲ್ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡ್‌ನಲ್ಲಿ ನಡೆಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನ ಆ ಓದನ್ನು ತಿದ್ದಿತು. ರೋಗಿಯ ಮನೆಯವರಿಗೆ ಪೌಷ್ಟಿಕ ಆಹಾರ ಕೊಟ್ಟಾಗ ಅವರಿಗೆ ಕ್ಷಯ ಹತ್ತುವುದು ಶೇ. 39ರಷ್ಟು ಕಡಿಮೆಯಾಯಿತು. ಮೊದಲ ಎರಡು ತಿಂಗಳಲ್ಲಿ ತೂಕ ಹೆಚ್ಚಿಸಿಕೊಂಡ ರೋಗಿಗಳಲ್ಲಿ ಸಾವು ಕಡಿಮೆಯಿತ್ತು. 2018ರಲ್ಲಿ ತಿಂಗಳಿಗೆ 500 ರೂಪಾಯಿಯಿಂದ ಶುರುವಾದ ಸರ್ಕಾರದ ಪೋಷಣೆಯ ಹಣ 2024ರ ನವೆಂಬರಿನಿಂದ 1000 ಆಗಿದೆ. ಕೂಲಿ ತಪ್ಪಿದ ಮನೆಗೆ ಅದು ಸಾಲದು. ಆದರೂ ಹಕ್ಕಿನ ಹಣ, ಕೇಳಿ ಪಡೆಯಬೇಕು.

ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ 'ಡಿಫಾಲ್ಟರ್' ಪದವನ್ನು ಕೈಬಿಟ್ಟಿತು. ಈಗ ಬಳಸುವ ಮಾತಿನ ಅರ್ಥ, ನಮ್ಮ ನಿಗಾದಿಂದ ತಪ್ಪಿಹೋದವರು ಎಂದು. ತಪ್ಪಿಹೋದವರನ್ನು ಹುಡುಕುವ ಹೊಣೆ ಹುಡುಕಬಲ್ಲವರದು. ಊರು ಬಿಡಬೇಕಾದವನು ಮೊದಲೇ ಹೇಳಿದರೆ ಅವನ ಚಿಕಿತ್ಸೆಯನ್ನು ಹೋದ ಊರಿನ ಸರ್ಕಾರಿ ಆಸ್ಪತ್ರೆಗೆ ವರ್ಗ ಮಾಡುತ್ತಾರೆ. ಮಾತ್ರೆ ಒಗ್ಗದಿದ್ದರೆ, ಕಣ್ಣು ಹಳದಿಯಾದರೆ, ವೈದ್ಯರಿಗೆ ತೋರಿಸಿದರೆ ಬದಲಿ ಔಷಧಿಯಿದೆ. ಕೆಲವು ವಾರ ತಪ್ಪಿದವನೂ ನಾಚಿಕೆ ಬಿಟ್ಟು ಮರಳಿ ಹೋಗಬಹುದು, ಹೋಗಲೇಬೇಕು. ಹೋದವನನ್ನು ಬೈಯದೆ ಕೂರಿಸಿ, ಏನಾಯಿತಪ್ಪ ಎಂದು ಕೇಳುವವರು ಅಲ್ಲಿರಬೇಕು. ಬಳ್ಳಾರಿ ರಸ್ತೆಯ ಆ ಬಂಗಲೆಯಿಂದ ಹೊರಟವರು ತುಮಕೂರಿನ ಹಳ್ಳಿಗಳಲ್ಲಿ ಅರವತ್ತು ವರ್ಷಗಳ ಹಿಂದೆಯೇ ಮಾಡಿದ್ದು ಇದನ್ನೇ: ಕಾಯಿಲೆಯವರ ಮಾತನ್ನು ಕೇಳಿಸಿಕೊಂಡದ್ದು.